ಮೀನು ಬಿಡುವ ಮುನ್ನ: ಮೊದಲ ಉಷ್ಣವಲಯದ ಅಕ್ವೇರಿಯಂ ಅನ್ನು ಹದಕ್ಕೆ ತರುವ ಕ್ರಮ

ಹೊಸದಾಗಿ ಅಕ್ವೇರಿಯಂ ಇಡುವವರಲ್ಲಿ ಹೆಚ್ಚಿನವರು ಗಾಜಿನ ತೊಟ್ಟಿ, ಫಿಲ್ಟರ್, ಕಲ್ಲು, ಗಿಡ, ಮೀನು ಎಲ್ಲವನ್ನೂ ಒಂದೇ ದಿನ ಮನೆಗೆ ತರುತ್ತಾರೆ. ಎರಡು ಮೂರು ದಿನ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಆಮೇಲೆ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡತೊಡಗುತ್ತವೆ, ರೆಕ್ಕೆ ಮುದುಡಿಕೊಂಡು ಮೂಲೆ ಸೇರುತ್ತವೆ, ಎರಡನೆಯ ವಾರ ಕಳೆಯುವಷ್ಟರಲ್ಲಿ ಒಂದೊಂದಾಗಿ ಸಾಯುತ್ತವೆ. ನನ್ನ ಮೊದಲ ತೊಟ್ಟಿಯಲ್ಲೂ ಹೀಗೆಯೇ ಆಯಿತು. ನೀರು ತಿಳಿಯಾಗಿಯೇ ಇದ್ದುದರಿಂದ ಮೀನಿಗೆ ಯಾವುದೋ ರೋಗ ಬಂದಿದೆಯೆಂದು ತಿಳಿದು ಔಷಧ ಹಾಕಿದೆ. ಫಿಲ್ಟರ್‌ನ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿದು ಬಿಳಿಚುವವರೆಗೆ ತೊಳೆದೆ. ಆ ಎರಡೂ ಕೆಲಸಗಳು ಉಳಿದ ಮೀನುಗಳ ಸಾವನ್ನು ಹತ್ತಿರ ಮಾಡಿದುವೆಂಬುದು ತಿಳಿದದ್ದು ತಿಂಗಳುಗಳ ನಂತರ. ಅವು ಸತ್ತದ್ದು ರೋಗದಿಂದಲ್ಲ, ಕಣ್ಣಿಗೆ ಕಾಣದ, ಮೂಗಿಗೂ ತಿಳಿಯದಷ್ಟು ಅಲ್ಪ ಪ್ರಮಾಣದ ಅಮೋನಿಯದಿಂದ. ಈ ಸಾವುಗಳನ್ನು ಪೂರ್ತಿಯಾಗಿ ತಪ್ಪಿಸಬಹುದು; ಅದಕ್ಕೆ ಬೇಕಾದದ್ದು ಒಂದು ಟೆಸ್ಟ್ ಕಿಟ್ ಮತ್ತು ನಾಲ್ಕರಿಂದ ಆರು ವಾರಗಳ ಕಾಯುವಿಕೆ.

ನೀರಿನೊಳಗೆ ನಡೆಯುವುದೇನು

ಮೀನು ತಿಂದ ಪ್ರೋಟೀನಿನಲ್ಲಿ ಮೈಗೆ ಬೇಡವಾದ ಸಾರಜನಕವು ಬಹುಪಾಲು ಅಮೋನಿಯವಾಗಿ ಕಿವಿರುಗಳ ಮೂಲಕವೇ ನೀರಿಗೆ ಸೇರುತ್ತದೆ. ತಿನ್ನದೆ ಉಳಿದ ಆಹಾರ, ಮಲ, ಕೊಳೆತ ಎಲೆಗಳಿಂದಲೂ ಅಮೋನಿಯವೇ ಹುಟ್ಟುತ್ತದೆ. ನದಿಯಲ್ಲಿ ಇದು ಅಗಾಧವಾದ ನೀರಿನಲ್ಲಿ ಕರಗಿ ಹೋಗುತ್ತದೆ. ಐವತ್ತು ಅರವತ್ತು ಲೀಟರಿನ ತೊಟ್ಟಿಯಲ್ಲಿ ದಿನದಿಂದ ದಿನಕ್ಕೆ ಕೂಡುತ್ತ ಹೋಗಿ ಕಿವಿರುಗಳನ್ನು ಸುಡುತ್ತದೆ. ಇದನ್ನು ನೀಗಿಸುವವು ಬ್ಯಾಕ್ಟೀರಿಯಗಳು. ನೈಟ್ರೋಸೊಮೊನಾಸ್ ಮೊದಲಾದ ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೈಟ್ ಕೂಡ ವಿಷವೇ: ಅದು ರಕ್ತದ ಹೀಮೋಗ್ಲೋಬಿನ್ ಆಮ್ಲಜನಕವನ್ನು ಹೊರದಂತೆ ಮಾಡುತ್ತದೆ, ಕಿವಿರುಗಳು ಕಂದು ಬಣ್ಣಕ್ಕೆ ತಿರುಗುತ್ತವೆ, ನೀರಿನಲ್ಲಿ ಆಮ್ಲಜನಕವಿದ್ದರೂ ಮೀನು ಉಸಿರುಗಟ್ಟುತ್ತದೆ. ನೈಟ್ರೋಸ್ಪೈರಾ ಎಂಬ ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತದೆ. ನೈಟ್ರೇಟ್‌ನ ವಿಷಗುಣ ಬಹಳ ಕಡಿಮೆ. ಅದನ್ನು ಗಿಡಗಳು ಹೀರಿಕೊಳ್ಳುತ್ತವೆ, ಉಳಿದದ್ದನ್ನು ವಾರಕ್ಕೊಮ್ಮೆ ನೀರು ಬದಲಿಸಿ ಹೊರಹಾಕಬಹುದು. ಎರಡನೆಯ ಹಂತದ ಕೆಲಸ ನೈಟ್ರೋಬ್ಯಾಕ್ಟರ್‌ನದೆಂದು ಬಹುಕಾಲ ನಂಬಲಾಗಿತ್ತು. 1990ರ ದಶಕದಲ್ಲಿ ಸಿಹಿನೀರಿನ ಅಕ್ವೇರಿಯಂಗಳ ಫಿಲ್ಟರ್‌ಗಳನ್ನು ಪರೀಕ್ಷಿಸಿದಾಗ ಅಲ್ಲಿ ಮುಖ್ಯವಾಗಿ ಇದ್ದದ್ದು ನೈಟ್ರೋಸ್ಪೈರಾ ಎಂದು ತಿಳಿಯಿತು. 2015ರಲ್ಲಿ ಅಮೋನಿಯದಿಂದ ನೈಟ್ರೇಟ್‌ವರೆಗಿನ ಎರಡೂ ಹಂತಗಳನ್ನು ಒಂಟಿಯಾಗಿಯೇ ನಡೆಸಬಲ್ಲ ನೈಟ್ರೋಸ್ಪೈರಾಗಳೂ ಪತ್ತೆಯಾದವು.

ಈ ಬ್ಯಾಕ್ಟೀರಿಯಗಳು ನೀರಿನಲ್ಲಿ ತೇಲಿಕೊಂಡಿರುವುದು ಕಡಿಮೆ. ಅವು ಫಿಲ್ಟರ್‌ನ ಸ್ಪಾಂಜು, ಸೆರಾಮಿಕ್ ಉಂಗುರ, ಜಲ್ಲಿ, ಗಾಜು ಹೀಗೆ ಸಿಕ್ಕ ಮೇಲ್ಮೈಗೆ ಅಂಟಿಕೊಂಡು ಬೆಳೆಯುತ್ತವೆ, ಮತ್ತು ಬಹಳ ನಿಧಾನವಾಗಿ ಬೆಳೆಯುತ್ತವೆ. ಕೊಳೆತದ್ದನ್ನು ತಿನ್ನುವ ಸಾಮಾನ್ಯ ಬ್ಯಾಕ್ಟೀರಿಯಗಳು ಅನುಕೂಲವಿದ್ದರೆ ಗಂಟೆಯೊಳಗೇ ಇಮ್ಮಡಿಯಾಗುತ್ತವೆ; ಇವುಗಳಿಗೆ ಹಲವು ಗಂಟೆಗಳಿಂದ ಒಂದು ದಿನಕ್ಕೂ ಹೆಚ್ಚು ಕಾಲ ಬೇಕು. ವಾರಗಟ್ಟಲೆ ಕಾಯಬೇಕಾಗಿರುವುದು ಇದೇ ಕಾರಣಕ್ಕೆ. ಮೀನು ಬಿಡುವ ಮೊದಲೇ ಈ ಬ್ಯಾಕ್ಟೀರಿಯಗಳನ್ನು ಸಾಕಷ್ಟು ಬೆಳೆಸಿಕೊಳ್ಳುವುದಕ್ಕೆ ಹವ್ಯಾಸಿಗಳು ಸೈಕ್ಲಿಂಗ್ ಎನ್ನುತ್ತಾರೆ. ತೊಟ್ಟಿಯನ್ನು ಹದಕ್ಕೆ ತರುವುದು ಎಂದರೂ ಅದೇ ಅರ್ಥ.

ತೊಟ್ಟಿ ಮತ್ತು ಸಲಕರಣೆ

ಮೊದಲ ತೊಟ್ಟಿ ಚಿಕ್ಕದಾಗಿದ್ದರೆ ಸುಲಭವೆಂಬ ಭಾವನೆ ತಪ್ಪು. ನೀರು ಕಡಿಮೆಯಿದ್ದಷ್ಟೂ ಉಷ್ಣತೆಯೂ ವಿಷಾಂಶವೂ ಬೇಗ ಏರಿಳಿಯುತ್ತವೆ, ಹತ್ತು ಲೀಟರಿನಲ್ಲಿ ಒಂದು ಚಿಟಿಕೆ ಆಹಾರ ಹೆಚ್ಚಾದರೂ ಅನಾಹುತವಾಗುತ್ತದೆ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 36 ಸೆಂ.ಮೀ. ಎತ್ತರದ ತೊಟ್ಟಿ ಆರಂಭಕ್ಕೆ ತಕ್ಕುದು. ಲೆಕ್ಕಕ್ಕೆ ಅದು ಸುಮಾರು 65 ಲೀಟರು. ಜಲ್ಲಿ, ಕಲ್ಲುಗಳು ಆಕ್ರಮಿಸಿದ ಜಾಗ ಮತ್ತು ಮೇಲೆ ಬಿಟ್ಟ ಅಂತರ ಕಳೆದರೆ ನಿಜವಾಗಿ ಹಿಡಿಯುವ ನೀರು 55 ಲೀಟರಿನ ಆಸುಪಾಸು. ಔಷಧವಾಗಲಿ ಅಮೋನಿಯವಾಗಲಿ ಹಾಕುವಾಗ ಲೆಕ್ಕ ಹಿಡಿಯಬೇಕಾದದ್ದು ಈ ಎರಡನೆಯ ಸಂಖ್ಯೆಯನ್ನು. ಆದ್ದರಿಂದ ಮೊದಲ ಸಲ ನೀರು ತುಂಬುವಾಗ ಅಳತೆಯ ಬಕೆಟ್‌ನಲ್ಲಿ ತುಂಬಿ, ಎಷ್ಟು ಲೀಟರು ಹಿಡಿಯಿತೆಂದು ಬರೆದಿಟ್ಟುಕೊಳ್ಳಬೇಕು.

ಗಾಜು, ಜಲ್ಲಿ, ನೀರು ಸೇರಿ ಇಂಥ ತೊಟ್ಟಿ 80 ಕಿಲೋಗ್ರಾಂ ಸಮೀಪ ತೂಗುತ್ತದೆ. ಅಲುಗಾಡದ, ಮಟ್ಟಸವಾದ ಸ್ಟ್ಯಾಂಡ್ ಬೇಕು. ತಳಗಾಜಿನ ಕೆಳಗೆ ತೆಳುವಾದ ಥರ್ಮೋಕೋಲ್ ಅಥವಾ ಫೋಮ್ ಹಾಳೆ ಹಾಸಿದರೆ ಸಣ್ಣ ಏರುತಗ್ಗುಗಳಿಂದ ಗಾಜು ಬಿರಿಯುವುದು ತಪ್ಪುತ್ತದೆ. ನೇರ ಬಿಸಿಲು ಬೀಳುವ ಕಿಟಕಿಯ ಬಳಿ ಇಡಬಾರದು, ಪಾಚಿಯೂ ಹೆಚ್ಚುತ್ತದೆ, ನೀರೂ ಕಾಯುತ್ತದೆ. ವಿದ್ಯುತ್ ತಂತಿಗಳು ಸಾಕೆಟ್ಟಿಗಿಂತ ಕೆಳಕ್ಕೆ ಇಳಿದು ಬಳಸಿ ಮೇಲೇರುವಂತೆ ಇರಬೇಕು. ಹಾಗಿದ್ದರೆ ತಂತಿಯ ಮೇಲೆ ಹರಿದು ಬಂದ ನೀರು ಸಾಕೆಟ್ಟನ್ನು ಮುಟ್ಟದೆ ಕೆಳಗೆ ತೊಟ್ಟಿಕ್ಕುತ್ತದೆ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಬೇಕು, ಇಲ್ಲವೇ ಅದರ ಕೊಳವೆಗೆ ಹಿಮ್ಮುಖ ಹರಿವನ್ನು ತಡೆಯುವ ಚಿಕ್ಕ ವಾಲ್ವ್ ಹಾಕಬೇಕು. ವಿದ್ಯುತ್ ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ಬರುವುದನ್ನು ಇದು ತಡೆಯುತ್ತದೆ.

ಫಿಲ್ಟರ್ ಎಂದರೆ ಕಸ ಸೋಸುವ ಯಂತ್ರವೆಂದು ಮಾತ್ರ ಭಾವಿಸಬಾರದು. ಅದು ಮೊದಲಿಗೆ ಬ್ಯಾಕ್ಟೀರಿಯಗಳ ಮನೆ. ಗಂಟೆಗೆ ತೊಟ್ಟಿಯ ಗಾತ್ರದ ನಾಲ್ಕೈದು ಪಟ್ಟು ನೀರನ್ನು ಹಾಯಿಸುವ ಫಿಲ್ಟರ್ ಸಾಕು. ಏರ್ ಪಂಪಿನಿಂದ ನಡೆಯುವ ಸ್ಪಾಂಜ್ ಫಿಲ್ಟರ್ ನೋಡಲು ಸಾಧಾರಣವೆನಿಸಿದರೂ ನನ್ನ ಆಯ್ಕೆ ಅದೇ: ಅದರಲ್ಲಿ ಕೆಡುವಂಥದ್ದು ಕಡಿಮೆ, ಮರಿಮೀನನ್ನು ಎಳೆದುಕೊಳ್ಳುವುದಿಲ್ಲ, ನೀರಿಗೆ ಗಾಳಿಯನ್ನೂ ಕೂಡಿಸುತ್ತದೆ. ತಿಂಗಳಿಗೊಮ್ಮೆ ಕಾರ್ಟ್ರಿಜ್ ಬದಲಿಸಿರೆಂದು ಸೂಚಿಸುವ ಫಿಲ್ಟರ್‌ಗಳಲ್ಲಿ, ಹಳೆಯ ಕಾರ್ಟ್ರಿಜ್ ಎಸೆದಾಗಲೆಲ್ಲ ಬೆಳೆದ ಬ್ಯಾಕ್ಟೀರಿಯವನ್ನೂ ಎಸೆದಂತಾಗುತ್ತದೆ. ಅಂಥ ಫಿಲ್ಟರ್ ಇದ್ದರೆ ಅದರೊಳಗೆ ಒರಟು ಸ್ಪಾಂಜಿನ ತುಂಡನ್ನು ಶಾಶ್ವತವಾಗಿ ಇಟ್ಟುಬಿಡುವುದು ಒಳ್ಳೆಯದು.

ಉಷ್ಣವಲಯದ ಮೀನುಗಳಲ್ಲಿ ಹೆಚ್ಚಿನವುಗಳಿಗೆ 24ರಿಂದ 26 ಡಿಗ್ರಿ ಸೆಲ್ಸಿಯಸ್ ಹಿತವಾದ ಉಷ್ಣತೆ. ಲೀಟರಿಗೆ ಸುಮಾರು ಒಂದು ವ್ಯಾಟ್‌ನ ಲೆಕ್ಕದಲ್ಲಿ ಥರ್ಮೋಸ್ಟಾಟ್ ಇರುವ 50 ಅಥವಾ 75 ವ್ಯಾಟ್ ಹೀಟರನ್ನು, ನೀರು ಹರಿಯುವ ಕಡೆ ಇಡಬೇಕು. ಅದರ ಗುಂಡಿಯ ಮೇಲಿನ ಅಂಕಿಯನ್ನು ನಂಬದೆ ಬೇರೆ ಥರ್ಮಾಮೀಟರಿನಲ್ಲಿ ಉಷ್ಣತೆಯನ್ನು ನೋಡುತ್ತಿರಬೇಕು. ನೀರು ಇಳಿಸುವ ಮೊದಲು ಹೀಟರನ್ನು ಆರಿಸಿ ಹತ್ತು ಹದಿನೈದು ನಿಮಿಷ ತಣಿಯಲು ಬಿಡುವುದನ್ನು ಮರೆಯಬಾರದು. ಬಿಸಿಯಾಗಿರುವ ಗಾಜಿನ ಕೊಳವೆ ನೀರಿನಿಂದ ಹೊರಬಂದರೆ ಒಡೆಯುತ್ತದೆ.

ತಳಕ್ಕೆ 2ರಿಂದ 4 ಮಿ.ಮೀ. ಗಾತ್ರದ, ಮೊನೆಯಿಲ್ಲದ ಜಲ್ಲಿಯನ್ನು ತೊಳೆದ ನೀರು ತಿಳಿಯಾಗುವವರೆಗೆ ತೊಳೆದು, ಸುಮಾರು 5 ಸೆಂ.ಮೀ. ದಪ್ಪಕ್ಕೆ ಹರಡಬೇಕು. ಹೊರಗಿನಿಂದ ತಂದ ಕಲ್ಲಿನ ಮೇಲೆ ಕೆಲವು ಹನಿ ವಿನೆಗರ್ ಹಾಕಿ ನೋಡುವುದು ಒಳ್ಳೆಯದು. ಗುಳ್ಳೆ ಬಂದರೆ ಅದರಲ್ಲಿ ಸುಣ್ಣದ ಅಂಶವಿದ್ದು ನೀರಿನ ಗಡಸುತನವನ್ನೂ ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬುದರ ಅಳತೆ) ಅನ್ನೂ ಏರಿಸುತ್ತ ಹೋಗುತ್ತದೆ. ಗಿಡಗಳಲ್ಲಿ ಆನುಬಿಯಾಸ್, ಜಾವಾ ಫರ್ನ್, ವ್ಯಾಲಿಸ್ನೇರಿಯಾಗಳು ಸಾಧಾರಣ ಬೆಳಕಿನಲ್ಲಿಯೂ ಬದುಕುತ್ತವೆ. ಮೊದಲೆರಡರ ಗೆಡ್ಡೆಯಂಥ ಅಡ್ಡಕಾಂಡವನ್ನು ಜಲ್ಲಿಯೊಳಗೆ ಹೂಳಿದರೆ ಕೊಳೆಯುತ್ತದೆ. ಅವನ್ನು ಕಲ್ಲಿಗೋ ಮರದ ತುಂಡಿಗೋ ದಾರದಿಂದ ಕಟ್ಟಬೇಕು. ದೀಪ ದಿನಕ್ಕೆ 6ರಿಂದ 8 ಗಂಟೆ ಸಾಕು.

ನಲ್ಲಿ ನೀರಿನಲ್ಲಿರುವ ಕ್ಲೋರಿನ್ ಮೀನಿಗೂ ಬ್ಯಾಕ್ಟೀರಿಯಕ್ಕೂ ಮಾರಕ. ಅಗಲಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಗಾಳಿ ಆಡಿಸಿದರೆ ಕ್ಲೋರಿನ್ ಬಹುಪಾಲು ಹೋಗುತ್ತದೆ, ಆದರೆ ಕೆಲವೆಡೆ ಬಳಸುವ ಕ್ಲೋರಮೈನ್ ಹಾಗೆ ಹೋಗುವುದಿಲ್ಲ. ಆದ್ದರಿಂದ ಕ್ಲೋರಿನ್ ನಿವಾರಕ ದ್ರಾವಣವನ್ನು ಅದರ ಮೇಲೆ ಬರೆದ ಪ್ರಮಾಣದಲ್ಲಿ ಬಳಸುವುದೇ ಸುರಕ್ಷಿತ. ಜಲ್ಲಿಯ ಮೇಲೆ ತಟ್ಟೆಯಿಟ್ಟು ಅದರ ಮೇಲೆ ನಿಧಾನವಾಗಿ ನೀರು ಸುರಿದರೆ ತಳ ಕದಡುವುದಿಲ್ಲ. ತುಂಬಿದ ಬಳಿಕ ಫಿಲ್ಟರ್, ಹೀಟರ್ ಹಾಕಿ ಒಂದು ದಿನ ಹಾಗೆಯೇ ನಡೆಯಲು ಬಿಟ್ಟು, ಎಲ್ಲಿಯಾದರೂ ಸೋರುತ್ತಿದೆಯೇ, ಉಷ್ಣತೆ ನೆಲೆ ನಿಂತಿದೆಯೇ ಎಂದು ನೋಡಬೇಕು.

ಮೀನಿಲ್ಲದೆ ಹದಗೊಳಿಸುವುದು

ಇನ್ನು ಮುಂದಿನದು ಈ ಬರಹದ ತಿರುಳು. ಮೀನಿಲ್ಲದ ತೊಟ್ಟಿಗೆ ನಾವೇ ಅಳತೆಯಾಗಿ ಅಮೋನಿಯ ಹಾಕಿ ಬ್ಯಾಕ್ಟೀರಿಯಗಳಿಗೆ ಉಣಿಸುವ ಕ್ರಮ ಇದು. ಯಾವ ಜೀವಿಗೂ ನೋವಾಗದ ಕಾರಣ ನಾನು ಇದನ್ನು ಬಿಟ್ಟು ಬೇರೆ ದಾರಿಯನ್ನು ಯಾರಿಗೂ ಮೊದಲಿಗೆ ಸೂಚಿಸುವುದಿಲ್ಲ. ಬೇಕಾದ ಸಾಮಗ್ರಿ ಎರಡೇ. ಒಂದು, ಅಮೋನಿಯ, ನೈಟ್ರೈಟ್, ನೈಟ್ರೇಟ್, ಪಿಎಚ್ ಈ ನಾಲ್ಕನ್ನೂ ಅಳೆಯುವ, ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್. ಕಾಗದದ ಪಟ್ಟಿಗಳು ಇಷ್ಟು ನಿಖರವಲ್ಲ. ಇನ್ನೊಂದು, ಶುದ್ಧವಾದ ಅಮೋನಿಯಂ ಕ್ಲೋರೈಡ್ ಪುಡಿ. ದ್ರವ ಅಮೋನಿಯವನ್ನೂ ಬಳಸಬಹುದು, ಆದರೆ ಅದರಲ್ಲಿ ಸುಗಂಧವಾಗಲಿ ಸಾಬೂನಿನ ಅಂಶವಾಗಲಿ ಇರಕೂಡದು. ಬಾಟಲಿ ಅಲುಗಾಡಿಸಿದಾಗ ನೊರೆ ನಿಂತರೆ ಅದು ಕೆಲಸಕ್ಕೆ ಬಾರದು. ಮೀನಿನ ಆಹಾರವನ್ನೇ ಹಾಕಿ ಕೊಳೆಯಿಸುವ ಪದ್ಧತಿಯೂ ಉಂಟು. ಅದು ನಡೆಯುತ್ತದೆ, ಆದರೆ ಎಷ್ಟು ಅಮೋನಿಯ ಹುಟ್ಟಿತೆಂಬ ಹಿಡಿತ ನಮಗಿರುವುದಿಲ್ಲ.

ಹೀಟರನ್ನು 27 ಅಥವಾ 28 ಡಿಗ್ರಿಗೆ ಇಟ್ಟು, ಫಿಲ್ಟರನ್ನು ಹಗಲು ರಾತ್ರಿ ನಡೆಸುತ್ತ, ಮೊದಲ ದಿನ ಅಮೋನಿಯ 2 ಪಿಪಿಎಂ, ಎಂದರೆ ಲೀಟರಿಗೆ 2 ಮಿಲಿಗ್ರಾಂ ಆಗುವಷ್ಟು ಹಾಕಬೇಕು. ಇದಕ್ಕೆ ಲೀಟರಿಗೆ ಸುಮಾರು 6 ಮಿಲಿಗ್ರಾಂ ಅಮೋನಿಯಂ ಕ್ಲೋರೈಡ್ ಬೇಕಾಗುತ್ತದೆ. 55 ಲೀಟರಿಗೆ ಗ್ರಾಮಿನ ಮೂರನೆಯ ಒಂದು ಭಾಗ. ಅಷ್ಟು ಸಣ್ಣ ತೂಕವನ್ನು ಮನೆಯಲ್ಲಿ ಅಳೆಯುವುದು ಕಷ್ಟವಾದ್ದರಿಂದ 10 ಗ್ರಾಂ ಪುಡಿಯನ್ನು ನೀರಿನಲ್ಲಿ ಕರಗಿಸಿ ಒಟ್ಟು 300 ಮಿಲಿಲೀಟರ್ ದ್ರಾವಣ ಮಾಡಿಟ್ಟುಕೊಂಡರೆ, ಅದರ 10 ಮಿಲಿಲೀಟರ್ ಒಂದು ಸಲಕ್ಕೆ ಸರಿಹೋಗುತ್ತದೆ. ಬಾಟಲಿಯ ಮೇಲೆ ಹೆಸರು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಹಾಕಿದ ಒಂದು ಗಂಟೆಯ ನಂತರ ಪರೀಕ್ಷಿಸಿ ಅಂಕಿಯನ್ನು ಒಂದು ಪುಸ್ತಕದಲ್ಲಿ ದಿನಾಂಕದೊಂದಿಗೆ ಬರೆಯಬೇಕು. ಹೆಚ್ಚು ಹಾಕಿದರೆ ಬೇಗ ಆಗುತ್ತದೆಂಬ ಎಣಿಕೆ ಬೇಡ. 5 ಪಿಪಿಎಂ ದಾಟಿದ ಅಮೋನಿಯ ಈ ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನೇ ತಡೆಯಬಹುದು.

ಮೊದಲ ವಾರ ಅಥವಾ ಹತ್ತು ದಿನ ಏನೂ ಆಗದಂತೆ ತೋರುತ್ತದೆ. ಅಮೋನಿಯ ಇದ್ದಲ್ಲೇ ಇರುತ್ತದೆ, ಕೆಲವೊಮ್ಮೆ ನೀರು ಹಾಲಿನಂತೆ ಮಬ್ಬಾಗುತ್ತದೆ. ಈ ಮಬ್ಬು ಬೇರೆ ಜಾತಿಯ, ನೀರಿನಲ್ಲಿ ತೇಲುವ ಬ್ಯಾಕ್ಟೀರಿಯಗಳದ್ದು. ಕೆಲವೇ ದಿನಗಳಲ್ಲಿ ತಾನಾಗಿ ತಿಳಿಯಾಗುವ ಅದಕ್ಕಾಗಿ ನೀರು ಬದಲಿಸಬೇಕಾಗಿಲ್ಲ. ಎರಡು ಮೂರು ದಿನಕ್ಕೊಮ್ಮೆ ಪರೀಕ್ಷಿಸುತ್ತಿದ್ದರೆ ಒಂದು ದಿನ ನೈಟ್ರೈಟ್‌ನ ಕೊಳವೆಯಲ್ಲಿ ಬಣ್ಣ ಕಾಣಿಸಿಕೊಳ್ಳುತ್ತದೆ. ಎಷ್ಟು ತೊಟ್ಟಿಗಳನ್ನು ಹದಗೊಳಿಸಿದರೂ ಆ ಮೊದಲ ಬಣ್ಣ ಕಂಡ ದಿನದ ಸಂತೋಷ ನನಗೆ ಕಡಿಮೆಯಾಗಿಲ್ಲ. ಕಾಣದ ಜೀವಿಗಳು ಕೆಲಸಕ್ಕೆ ತೊಡಗಿವೆ ಎಂಬುದಕ್ಕೆ ಅದೇ ಸಾಕ್ಷಿ. ಅಲ್ಲಿಂದ ಮುಂದೆ ಅಮೋನಿಯ ಇಳಿಯತೊಡಗುತ್ತದೆ. ಅದು ಅರ್ಧ ಪಿಪಿಎಂಗಿಂತ ಕೆಳಗೆ ಬಂದಾಗ ಮತ್ತೆ ಹಾಕಬೇಕು, ಆದರೆ ಈ ಹಂತದಲ್ಲಿ ಪ್ರತಿ ಸಲವೂ ಅರ್ಧ ಪ್ರಮಾಣ, ಅಂದರೆ 1 ಪಿಪಿಎಂ ಸಾಕು.

ಏಕೆಂದರೆ 1 ಪಿಪಿಎಂ ಅಮೋನಿಯ ಮಾರ್ಪಟ್ಟು ಸುಮಾರು 2.7 ಪಿಪಿಎಂ ನೈಟ್ರೈಟ್ ಆಗುತ್ತದೆ, ಅದು ಮುಂದೆ 3.6 ಪಿಪಿಎಂ ನೈಟ್ರೇಟ್ ಆಗುತ್ತದೆ. ನಾಲ್ಕಾರು ಸಲ ಅಮೋನಿಯ ಹಾಕುವಷ್ಟರಲ್ಲಿ ನೈಟ್ರೈಟ್ ಕಿಟ್‌ನ ಬಣ್ಣದ ಕಾರ್ಡಿನ ಕೊನೆಯ ಅಂಕಿಯನ್ನೂ ದಾಟಿ, ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯದಂತಾಗುತ್ತದೆ. ಆಗ ಒಂದು ಭಾಗ ತೊಟ್ಟಿಯ ನೀರಿಗೆ ನಾಲ್ಕು ಭಾಗ ಶುದ್ಧೀಕರಿಸಿದ ನೀರು ಬೆರೆಸಿ ಪರೀಕ್ಷಿಸಿ, ಬಂದ ಅಂಕಿಯನ್ನು ಐದರಿಂದ ಗುಣಿಸಿಕೊಳ್ಳಬಹುದು; ತೀರಾ ಹೆಚ್ಚಿದ್ದರೆ ಅರ್ಧ ನೀರು ಬದಲಿಸಬೇಕು. ನೈಟ್ರೈಟ್ ಹಂತವೇ ಎಲ್ಲಕ್ಕಿಂತ ದೀರ್ಘ, ಎರಡು ಮೂರು ವಾರ ಅಲ್ಲಾಡದೆ ನಿಲ್ಲುವುದುಂಟು. ಬಹಳ ಜನ ತಾಳ್ಮೆ ಕಳೆದುಕೊಂಡು ಮೀನು ತರುವುದು ಇಲ್ಲಿಯೇ. ಅಮೋನಿಯ ಸೊನ್ನೆಯಾಗಿರುವುದನ್ನು ಕಂಡು ಕೆಲಸ ಮುಗಿಯಿತೆಂದು ತಿಳಿಯುವುದರಿಂದ ಹಾಗಾಗುತ್ತದೆ. ಆದರೆ ಆ ನೀರಿನಲ್ಲಿರುವ ನೈಟ್ರೈಟ್ ಮೀನನ್ನು ಒಂದೆರಡು ದಿನಗಳಲ್ಲೇ ಕೊಲ್ಲಬಲ್ಲದು.

ಎಲ್ಲವೂ ಸರಿಯಿದ್ದು ಅಂಕಿಗಳು ದಿನಗಟ್ಟಲೆ ಕದಲದಿದ್ದರೆ ಪಿಎಚ್ ನೋಡಬೇಕು. ಈ ಬ್ಯಾಕ್ಟೀರಿಯಗಳು ಅಮೋನಿಯವನ್ನು ಮಾರ್ಪಡಿಸುವಾಗ ಆಮ್ಲ ಹುಟ್ಟಿ ನೀರಿನ ಕ್ಷಾರತೆಯನ್ನು, ಎಂದರೆ ಆಮ್ಲವನ್ನು ತಣಿಸಿ ಪಿಎಚ್ ಕುಸಿಯದಂತೆ ಹಿಡಿದಿಡುವ ಶಕ್ತಿಯನ್ನು, ತಿಂದುಹಾಕುತ್ತದೆ: 1 ಮಿಲಿಗ್ರಾಂ ಅಮೋನಿಯ ಸಾರಜನಕಕ್ಕೆ ಸುಮಾರು 7 ಮಿಲಿಗ್ರಾಂ ಕ್ಷಾರತೆ ವ್ಯಯವಾಗುತ್ತದೆ. ಮೆದು ನೀರಿನ ತೊಟ್ಟಿಯಲ್ಲಿ ಕ್ಷಾರತೆ ಮುಗಿದೊಡನೆ ಪಿಎಚ್ 6ರತ್ತ ಕುಸಿದು ಕೆಲಸ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಅರ್ಧ ನೀರು ಬದಲಿಸಿದರೆ ಹೊಸ ನೀರಿನ ಕ್ಷಾರತೆ ಬಂದು ಸೇರುತ್ತದೆ. ಆ ನೀರೂ ಮೆದುವಾಗಿದ್ದರೆ, ಮೀನಿಲ್ಲದ ಈ ಹಂತದಲ್ಲಿ, 50 ಲೀಟರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಕರಗಿಸಿ ಹಾಕಬಹುದು. ಪಿಎಚ್ 7ರಿಂದ 8ರ ನಡುವೆ ಇದ್ದರೆ ಬ್ಯಾಕ್ಟೀರಿಯ ಚೆನ್ನಾಗಿ ಬೆಳೆಯುತ್ತದೆ. ಆಮ್ಲಜನಕವೂ ಅಷ್ಟೇ ಮುಖ್ಯ: ಮೇಲ್ಮೈ ನೀರು ಸದಾ ಅಲುಗಾಡುತ್ತಿರಬೇಕು, ಫಿಲ್ಟರನ್ನು ರಾತ್ರಿ ಆರಿಸಬಾರದು.

ಕಾಲವನ್ನು ನಿಜವಾಗಿ ಕುಗ್ಗಿಸುವ ಉಪಾಯ ಒಂದಿದೆ. ತಿಂಗಳುಗಳಿಂದ ಆರೋಗ್ಯವಾಗಿ ನಡೆಯುತ್ತಿರುವ ಇನ್ನೊಂದು ತೊಟ್ಟಿಯ ಫಿಲ್ಟರ್ ಸ್ಪಾಂಜಿನ ತುಂಡನ್ನು ಒಣಗಲು ಬಿಡದೆ ತಂದು ಹೊಸ ಫಿಲ್ಟರ್‌ನೊಳಗೆ ಇಟ್ಟರೆ ಆರು ವಾರದ ಕೆಲಸ ಎರಡು ವಾರದೊಳಗೆ ಆಗಬಹುದು. ಹಳೆಯ ತೊಟ್ಟಿಯ ನೀರನ್ನು ಮಾತ್ರ ತಂದು ಸುರಿದರೆ ಪ್ರಯೋಜನ ಅತ್ಯಲ್ಪ, ಏಕೆಂದರೆ ಬ್ಯಾಕ್ಟೀರಿಯ ಇರುವುದು ನೀರಿನಲ್ಲಲ್ಲ. ಸ್ಪಾಂಜಿನೊಂದಿಗೆ ರೋಗಾಣುಗಳೂ ಬರಬಹುದಾದ್ದರಿಂದ ಇತ್ತೀಚೆಗೆ ಮೀನು ಸತ್ತ ತೊಟ್ಟಿಯಿಂದ ತರಬಾರದು. ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯ ಕೆಲವೊಮ್ಮೆ ನೆರವಾಗುತ್ತದೆ, ಕೆಲವೊಮ್ಮೆ ಇಲ್ಲ. ಹಾಕಿದರೂ ಪರೀಕ್ಷೆಯನ್ನು ಬಿಡುವಂತಿಲ್ಲ.

2 ಪಿಪಿಎಂ ಅಮೋನಿಯ ಹಾಕಿದ 24 ಗಂಟೆಗಳ ನಂತರ ಅಮೋನಿಯವೂ ನೈಟ್ರೈಟೂ ಎರಡೂ ಸೊನ್ನೆ ತೋರಿಸಿ, ಮರುದಿನ ಇನ್ನೊಮ್ಮೆ ಹಾಕಿದಾಗಲೂ ಹಾಗೆಯೇ ಆದರೆ ತೊಟ್ಟಿ ಹದಕ್ಕೆ ಬಂದಿದೆ. ಆ ವೇಳೆಗೆ ನೈಟ್ರೇಟ್ ಬಹಳ ಏರಿರುತ್ತದೆ. ಅದನ್ನು ಅಳೆಯುವಾಗ ಕಿಟ್‌ನ ಸೂಚನೆಯಂತೆ ಬಾಟಲಿಯನ್ನು ಜೋರಾಗಿ ಅಲುಗಾಡಿಸದಿದ್ದರೆ ಅಂಕಿ ತಪ್ಪಾಗಿ ಕಡಿಮೆ ಬರುತ್ತದೆ. ಮುಕ್ಕಾಲು ಪಾಲು ನೀರು ಬದಲಿಸಿ, ನೈಟ್ರೇಟನ್ನು 20 ಪಿಪಿಎಂ ಸಮೀಪಕ್ಕೆ ಇಳಿಸಿ, ಹೀಟರನ್ನು 25 ಡಿಗ್ರಿಗೆ ತಂದು, ಒಂದೆರಡು ದಿನದೊಳಗೆ ಮೀನು ಬಿಡಬೇಕು. ತಡವಾಗುವುದಾದರೆ ಅಲ್ಲಿಯವರೆಗೆ ದಿನಬಿಟ್ಟು ದಿನ 1 ಪಿಪಿಎಂ ಅಮೋನಿಯ ಹಾಕುತ್ತಿರಬೇಕು.

ಈಗಾಗಲೇ ಮೀನು ತಂದುಬಿಟ್ಟವರು

ಅಂಥವರಿಗೂ ದಾರಿಯಿದೆ. ದಿನವೂ ಪರೀಕ್ಷಿಸಿ, ಅಮೋನಿಯ ಅಥವಾ ನೈಟ್ರೈಟ್ ಕಾಲು ಪಿಪಿಎಂ ಮುಟ್ಟಿದೊಡನೆ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ನೀರು ಬದಲಿಸಬೇಕು. ಆಹಾರವನ್ನು ದಿನಬಿಟ್ಟು ದಿನ, ಅದೂ ಅತಿ ಕಡಿಮೆ ಹಾಕಬೇಕು. ಅಮೋನಿಯದ ಅಪಾಯ ಪಿಎಚ್‌ಗೆ ತಕ್ಕಂತೆ ಬದಲಾಗುತ್ತದೆಂಬುದು ನೆನಪಿರಲಿ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ಹೆಚ್ಚು ವಿಷಕಾರಿಯಾದ ಮುಕ್ತ ರೂಪ ಶೇ. 0.6ರಷ್ಟು ಮಾತ್ರ, ಪಿಎಚ್ 8 ಆದಾಗ ಅದು ಶೇ. 5 ದಾಟುತ್ತದೆ. ಆದ್ದರಿಂದ ಮೀನಿರುವ ತೊಟ್ಟಿಗೆ ಅಡುಗೆ ಸೋಡಾ ಹಾಕಿ ಪಿಎಚ್ ಏರಿಸಲು ಹೋಗಬಾರದು.

ಮೊದಲ ಮೀನುಗಳು

ಒಂದೇ ಸಲ ತೊಟ್ಟಿ ತುಂಬಬಾರದು. ಆರು ಜೀಬ್ರಾ ಡೇನಿಯೋ, ಅಥವಾ ನಾಲ್ಕೈದು ಪ್ಲ್ಯಾಟಿಗಳಿಂದ ಆರಂಭಿಸಿ ಎರಡು ವಾರ ಅಂಕಿಗಳನ್ನು ನೋಡಿದ ಮೇಲೆ ಮುಂದಿನ ಗುಂಪನ್ನು ತರಬಹುದು. ಗಪ್ಪಿ, ಪ್ಲ್ಯಾಟಿಗಳಲ್ಲಿ ಗಂಡು ಹೆಣ್ಣು ಕೂಡಿದ್ದರೆ ತಿಂಗಳೊಳಗೆ ಮರಿಗಳಾಗುತ್ತವೆಂಬುದನ್ನು ಮೊದಲೇ ಯೋಚಿಸಬೇಕು. ನಿಯಾನ್ ಟೆಟ್ರಾ ಗುಂಪಿನಲ್ಲಿ ಬಾಳುವ ಮೀನು, ಆರಕ್ಕಿಂತ ಕಡಿಮೆ ಇಡಬಾರದು. ಹೊಸ ತೊಟ್ಟಿಯ ಏರಿಳಿತವನ್ನು ಅದು ತಾಳಿಕೊಳ್ಳದಾದ್ದರಿಂದ ಕೆಲವು ತಿಂಗಳು ಕಳೆದ ಬಳಿಕ ತರುವುದು ಮೇಲು. ಗೋಲ್ಡ್ ಫಿಶ್ ತಣ್ಣೀರಿನ ಮೀನು, ದೊಡ್ಡದಾಗಿ ಬೆಳೆದು ಬಹಳ ಕೊಳೆ ಮಾಡುತ್ತದೆ. ಈ ತೊಟ್ಟಿಗೆ ಅದು ಬೇಡ.

ಮೀನಿರುವ ಚೀಲವನ್ನು ದೀಪ ಆರಿಸಿದ ತೊಟ್ಟಿಯಲ್ಲಿ 15ರಿಂದ 20 ನಿಮಿಷ ತೇಲಿಬಿಟ್ಟು, ಆಮೇಲೆ ಐದೈದು ನಿಮಿಷಕ್ಕೊಮ್ಮೆ ಅದರೊಳಗೆ ಸ್ವಲ್ಪ ಸ್ವಲ್ಪ ತೊಟ್ಟಿಯ ನೀರು ಸೇರಿಸಿ, ಕೊನೆಗೆ ಮೀನನ್ನು ಮಾತ್ರ ಬಲೆಯಿಂದ ಎತ್ತಿ ಬಿಡಬೇಕು. ಚೀಲದ ನೀರನ್ನು ತೊಟ್ಟಿಗೆ ಸುರಿಯಬಾರದು. ಮೊದಲ ದಿನ ಆಹಾರ ಬೇಡ. ಆಮೇಲೂ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಸಾಕು.

ಮೊದಲ ತಿಂಗಳಲ್ಲಿ ಗಾಜಿನ ಮೇಲೆ ಕಂದು ಪುಡಿಯಂಥ ಪಾಚಿ ಕಟ್ಟುತ್ತದೆ. ಅದು ಹೊಸ ತೊಟ್ಟಿಗಳಲ್ಲಿ ಸಹಜ, ಒರೆಸಿದರೆ ಹೋಗುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಸೈಫನ್ ಕೊಳವೆಯಿಂದ ಜಲ್ಲಿಯ ಕೊಳೆಯೊಂದಿಗೆ ಹೀರಿ ತೆಗೆದು, ಕ್ಲೋರಿನ್ ನೀಗಿಸಿದ, ಅದೇ ಉಷ್ಣತೆಯ ನೀರನ್ನು ತುಂಬಬೇಕು. ಫಿಲ್ಟರ್‌ನಲ್ಲಿ ಹರಿವು ಕುಗ್ಗಿದಾಗ, ಹೀಗೆ ತೆಗೆದ ನೀರನ್ನೇ ಬಕೆಟ್‌ನಲ್ಲಿ ಇಟ್ಟುಕೊಂಡು ಸ್ಪಾಂಜನ್ನು ಅದರಲ್ಲಿ ಮೂರು ನಾಲ್ಕು ಸಲ ಹಿಂಡಿ ಮತ್ತೆ ಜೋಡಿಸಬೇಕು. ಸ್ಪಾಂಜು ಕಂದಾಗಿಯೇ ಇರಲಿ.